ಒಡಕು ದನಿಯ ಡಬ್ಬಿ

ಆ ಭಾನುವಾರ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆ ಚಟಪಟ ಎನ್ನುವ ಹೊತ್ತಿಗೆ ಸರಿಯಾಗಿ ಮಹಡಿಯ ಮೇಲಿನಿಂದ 'ಗರ್‌ರ್' ಎಂದು ಒಂದು ಶಬ್ದ ಬಂತು. ಬಂದದ್ದು ಹೋಗಲಿಲ್ಲ. ಕೆರೆಯುತ್ತ, ಕೊಸರಾಡುತ್ತ, ಗೋಡೆಗಳನ್ನೆಲ್ಲ ಸವರುತ್ತ ಅಲ್ಲೇ ನಿಂತಿತು. ಜಾತ್ರೆಯಲ್ಲಿ ಮೈಕ್‌ಸೆಟ್ಟಿನವನು ವಾಲ್ಯೂಮ್ ಪೂರ್ತಿ ತಿರುಗಿಸಿಟ್ಟು ಚಹಾ ಕುಡಿಯಲು ಹೋದಾಗ ಕೇಳಿಸುತ್ತದಲ್ಲ, ಥೇಟ್ ಅಂಥ ಶಬ್ದ. ಕೆಲಸಕ್ಕೆ ಸೇರಿದ ಮೇಲೆ ಮಗ ಒಂದು ಎಲೆಕ್ಟ್ರಿಕ್ ಗಿಟಾರ್ ಕೊಂಡಿದ್ದ. ರಜೆಗೆ ಊರಿಗೆ ಬರುವಾಗ ಅದನ್ನೂ ಅದರ ಸ್ಪೀಕರ್ ಪೆಟ್ಟಿಗೆಯನ್ನೂ ಹೊತ್ತು ತಂದಿದ್ದ. ನಾನು ಸೌಟು ಹಿಡಿದುಕೊಂಡೇ ಮೆಟ್ಟಿಲ ಬುಡಕ್ಕೆ ಬಂದು, "ಏನೋ, ನಿನ್ನ ಸ್ಪೀಕರ್ ಹರಿದುಹೋಗಿದೆ ನೋಡು! ರಸೀದಿ ಇಟ್ಟುಕೊಂಡಿದ್ದೀಯೋ ಇಲ್ಲವೋ? ಅಂಗಡಿಯವನಿಗೆ ವಾಪಸು ಕೊಡು" ಎಂದು ಕೂಗಿದೆ.

ಮೇಲಿನಿಂದ ನಗು ಕೇಳಿಸಿತು. "ಹರಿದಿಲ್ಲ ಕಣಮ್ಮಾ. ಹರಿದ ಹಾಗೆ ಕೇಳಲಿ ಅಂತಲೇ ಬೇರೆ ದುಡ್ಡು ಕೊಟ್ಟು ಒಂದು ಡಬ್ಬಿ ತಂದಿದ್ದೇನೆ. ಮೇಲೆ ಬಂದು ನೋಡು."

ಹೋಗಿ ನೋಡಿದೆ. ನೆಲದ ಮೇಲೆ ಕಿತ್ತಳೆ ಬಣ್ಣದ ಒಂದು ಲೋಹದ ಡಬ್ಬಿ. ಸೋಪಿನ ಡಬ್ಬಿಗಿಂತ ತುಸು ದೊಡ್ಡದು. ಮೇಲ್ಗಡೆ ಮೂರು ತಿರುಗಣೆಗಳು, ಕೆಳಗಡೆ ಕಾಲಿನಿಂದ ಒತ್ತುವ ಒಂದು ಹಲಗೆ. ಹೊಲಿಗೆ ಯಂತ್ರದ ಪೆಡಲನ್ನು ತುಳಿಯುವಂತೆ ಇದನ್ನೂ ತುಳಿಯಬೇಕು, ಅದಕ್ಕೇ ಇದಕ್ಕೂ ಪೆಡಲ್ ಎಂದೇ ಹೆಸರು. ಗಿಟಾರಿನಿಂದ ಬಂದ ವೈರು ಒಂದು ಪಕ್ಕದಿಂದ ಒಳಹೋಗಿ, ಇನ್ನೊಂದು ಪಕ್ಕದಿಂದ ಹೊರಬಂದು ಆಂಪ್ಲಿಫೈಯರಿಗೆ ಸೇರುತ್ತದೆ. ತುಳಿದರೆ ದನಿ ಒಡೆಯುತ್ತದೆ, ಮತ್ತೆ ತುಳಿದರೆ ಸರಿಹೋಗುತ್ತದೆ. ಡಿಸ್ಟಾರ್ಶನ್ ಪೆಡಲ್ ಎಂದ ಮಗ. ನಮ್ಮ ಮಾತಿನಲ್ಲಿ ಹೇಳುವುದಾದರೆ ದನಿ ಕೆಡಿಸುವ ಡಬ್ಬಿ. ಜಪಾನಿನ ಬಾಸ್ ಕಂಪನಿಯವರು 1978ರಲ್ಲಿ ಮಾರುಕಟ್ಟೆಗೆ ತಂದ ಮಾದರಿಯಂತೆ.

ಮಕ್ಕಳ ಸೊಟ್ಟ ಅಕ್ಷರ ತಿದ್ದುತ್ತ, ತಪ್ಪು ಉಚ್ಚಾರ ಸರಿಪಡಿಸುತ್ತ ವರ್ಷಗಳನ್ನು ಕಳೆದವಳು ನಾನು. ಸರಿಯಾಗಿರುವುದನ್ನು ದುಡ್ಡು ಕೊಟ್ಟು ಕೆಡಿಸಿಕೊಳ್ಳುವುದೆಂದರೆ ನನಗೆ ಹೇಗೆ ಅರ್ಥವಾಗಬೇಕು? ಆದರೆ ನನ್ನದು ಚರಿತ್ರೆಯ ಪಾಠ ಮಾಡುವ ನಾಲಿಗೆ. ಯಾವುದನ್ನು ಕಂಡರೂ 'ಇದು ಯಾವಾಗ ಶುರುವಾಯಿತು, ಯಾಕೆ ಶುರುವಾಯಿತು' ಎಂದು ಕೇಳದೆ ಇರುವುದಿಲ್ಲ. ಮಗನನ್ನು ಕೇಳಿದೆ. ಅವನಿಗೆ ಗೊತ್ತಿದ್ದಷ್ಟು ಹೇಳಿದ. ಮಿಕ್ಕದ್ದನ್ನು ನಾನೇ ಓದಿಕೊಂಡೆ. ಓದುತ್ತ ಹೋದಂತೆ ಈ ಪುಟ್ಟ ಡಬ್ಬಿಯ ಹಿಂದೆ ಇಷ್ಟು ದೊಡ್ಡ ಕಥೆಯಿದೆಯೇ ಎಂದು ಬೆರಗಾಯಿತು. ಆ ಬೆರಗು ಕೊನೆಗೆ ನನ್ನ ಕಾಲಬುಡಕ್ಕೇ ಬಂದು ನಿಂತಿತು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಎಲೆಕ್ಟ್ರಿಕ್ ಗಿಟಾರಿನ ವಿಷಯ. ಅಮೆರಿಕದ ನೃತ್ಯಶಾಲೆಗಳಲ್ಲಿ ತುತ್ತೂರಿ, ಡ್ರಮ್ಮುಗಳ ಅಬ್ಬರದ ನಡುವೆ ಪಾಪ, ಗಿಟಾರಿನ ದನಿ ಯಾರ ಕಿವಿಗೂ ಬೀಳುತ್ತಿರಲಿಲ್ಲ. ತುಂಬಿದ ಮನೆಯಲ್ಲಿ ಕಿರಿಸೊಸೆಯ ಮಾತಿನ ಹಾಗೆ. 1930ರ ದಶಕದ ಆರಂಭದಲ್ಲಿ ಲಾಸ್ ಏಂಜಲೀಸಿನ ಜಾರ್ಜ್ ಬೋಶಾಂ ಎಂಬಾತ ಉಕ್ಕಿನ ತಂತಿಗಳ ಹತ್ತಿರ ಆಯಸ್ಕಾಂತವನ್ನೂ ತಾಮ್ರದ ತಂತಿಯ ಸುರುಳಿಯನ್ನೂ ಇಟ್ಟು ನೋಡಿದ. ತಂತಿ ಕಂಪಿಸಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಅದನ್ನು ಆಂಪ್ಲಿಫೈಯರಿಗೆ ಕೊಟ್ಟರೆ ಎಷ್ಟು ಬೇಕೋ ಅಷ್ಟು ದೊಡ್ಡದಾಗಿ ಕೇಳಿಸಬಹುದು. ರಿಕನ್‌ಬ್ಯಾಕರ್ ಕಂಪನಿಯವರು ಮಾಡಿದ ಆ ಮೊದಲ ಗಿಟಾರಿನ ಮೈ ಅಲ್ಯೂಮಿನಿಯಮ್ಮಿನದು. ದುಂಡನೆಯ ತಟ್ಟೆ, ಅದಕ್ಕೊಂದು ಉದ್ದನೆಯ ಹಿಡಿ. ಜನ ಅದಕ್ಕೆ 'ಫ್ರೈಯಿಂಗ್ ಪ್ಯಾನ್' ಎಂದೇ ಹೆಸರಿಟ್ಟರು. ರಾಕ್ ಸಂಗೀತದ ಮೂಲಪುರುಷ ಒಂದು ಹಿಡಿಯಿರುವ ಬಾಣಲೆ ಎಂದರೆ ನಮಗೆ ಹೆಮ್ಮೆಯಲ್ಲವೇ?

ಆ ತಾಮ್ರದ ಸುರುಳಿಯ ವಿಷಯ ಬಂದದ್ದರಿಂದ ಒಂದು ಮಾತು. ಕೂದಲೆಳೆಯಂಥ ತಂತಿಯನ್ನು ಹರಿಯದಂತೆ ಸಾವಿರಾರು ಸುತ್ತು ಸುತ್ತುವ ಕೆಲಸವನ್ನು ಕಾರ್ಖಾನೆಗಳಲ್ಲಿ ಹೆಚ್ಚಾಗಿ ಮಾಡಿದವರು ಹೆಂಗಸರು. ಕ್ಯಾಲಿಫೋರ್ನಿಯಾದ ಫೆಂಡರ್ ಕಾರ್ಖಾನೆಗೆ 1956ರಲ್ಲಿ ಸೇರಿದ ಅಬಿಗೈಲ್ ಇಬಾರಾ ಎಂಬಾಕೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಇದೇ ಕೆಲಸ ಮಾಡಿದರು. ಅವರ ಕೈಯಿಂದ ಸುತ್ತಿದ ಸುರುಳಿಗಳನ್ನು ವಾದಕರು ಇಂದಿಗೂ ಹುಡುಕಿಕೊಂಡು ಹೋಗುತ್ತಾರೆ. ದೀಪದ ಬತ್ತಿ ಹೊಸೆದ ಕೈಗೆ ಅದರ ಹದ ಗೊತ್ತು. ಬಿಗಿ ಎಷ್ಟು, ಸಡಿಲ ಎಷ್ಟು ಎಂಬುದನ್ನು ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ.

ಇರಲಿ, ಈಗ ದನಿ ಕೆಡುವುದೆಂದರೇನು ಎಂಬುದಕ್ಕೆ ಬರೋಣ. ಸ್ವರ ಒಂದು ಅಲೆ. ಅದರ ತಲೆ ದುಂಡಗಿರುತ್ತದೆ. ಆಂಪ್ಲಿಫೈಯರ್ ಆ ಅಲೆಯನ್ನು ಎತ್ತರಕ್ಕೆ ಬೆಳೆಸುತ್ತದೆ. ಆದರೆ ಯಾವ ಯಂತ್ರಕ್ಕೂ ಒಂದು ಮಿತಿಯಿದೆ. ಹಳ್ಳಿಯ ಹಳೆಯ ಮನೆಗಳ ತಗ್ಗು ಬಾಗಿಲನ್ನು ನೆನೆಸಿಕೊಳ್ಳಿ. ಉದ್ದನೆಯ ಅಳಿಯ ಬಂದರೆ ತಲೆ ಬಗ್ಗಿಸಿ ಒಳಗೆ ಬರುತ್ತಾನೆ. ಅಲೆಗೆ ಬಗ್ಗುವ ಬುದ್ಧಿಯಿಲ್ಲ. ಅದರ ತಲೆ ಕತ್ತರಿಸಿಹೋಗಿ ದುಂಡಗಿದ್ದದ್ದು ಚಪ್ಪಟೆಯಾಗುತ್ತದೆ. ಹಾಗೆ ಕತ್ತರಿಸಿದ ಅಂಚಿನಿಂದ ಮೂಲಸ್ವರದ ಎರಡು ಪಟ್ಟು, ಮೂರು ಪಟ್ಟು, ಐದು ಪಟ್ಟು ಕಂಪನಗಳಿರುವ ಹೊಸ ಉಪಸ್ವರಗಳು ಹುಟ್ಟಿಕೊಳ್ಳುತ್ತವೆ. ನಮ್ಮ ಕಿವಿಗೆ ಒರಟಾಗಿ, ಗರಗಸದ ಹಲ್ಲಿನಂತೆ ಕೇಳಿಸುವುದು ಅದೇ. ಇನ್ನೊಂದು ವಿಶೇಷವೂ ಇದೆ. ಎತ್ತರದ ಅಲೆಯ ತಲೆ ಕತ್ತರಿಸಿ, ಕುಗ್ಗುತ್ತಿರುವ ಅಲೆಯನ್ನು ಹಿಗ್ಗಿಸುವುದರಿಂದ ಜೋರು, ಮೆಲು ಎರಡೂ ಒಂದೇ ಮಟ್ಟಕ್ಕೆ ಬರುತ್ತವೆ. ಹಾಗಾಗಿ ಮೀಟಿದ ಸ್ವರ ಬೇಗ ಆರುವುದಿಲ್ಲ. ಪಿಟೀಲಿನ ಕಮಾನು ಎಳೆದಂತೆ ಉದ್ದಕ್ಕೆ ನಿಲ್ಲುತ್ತದೆ.

ನಮ್ಮ ಸಂಗೀತ ಬಲ್ಲವರಿಗೆ ಇದು ಪೂರ್ತಿ ಪರಕೀಯವೇನೂ ಅಲ್ಲ. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಗೆ ಒಂದು ನೂಲಿನೆಳೆ ಸಿಕ್ಕಿಸುತ್ತಾರೆ. ನೂಲು ಸರಿಯಾದ ಜಾಗಕ್ಕೆ ಬಂದಾಗ 'ಝೇಂ' ಎಂಬ ಝೇಂಕಾರ ಎದ್ದು ಉಪಸ್ವರಗಳು ತುಂಬಿಕೊಳ್ಳುತ್ತವೆ. ಹಿಂದೂಸ್ತಾನಿಯವರು ಅದನ್ನು ಜವಾರಿ ಎನ್ನುತ್ತಾರೆ. ಅಲ್ಲಿಯೂ ಸ್ವಚ್ಛ ದನಿಗೆ ಬೇಕೆಂದೇ ಒಂದು ಅಡ್ಡಿ ಮಾಡುವುದು. ಮಗ ಹೇಳಿದ ಒಂದು ಸಂಗತಿ ನನಗೆ ಬಹಳ ಹಿಡಿಸಿತು. ಈ ಡಬ್ಬಿಯನ್ನು ತುಳಿದಾಗ ಗಿಟಾರಿನಲ್ಲಿ ನಾಲ್ಕೈದು ಸ್ವರ ಒಟ್ಟಿಗೆ ನುಡಿಸಿದರೆ ಎಲ್ಲ ಕಲಸುಮೇಲೋಗರವಾಗುತ್ತದಂತೆ. ಅದಕ್ಕೇ ರಾಕ್ ವಾದಕರು ಎರಡೇ ಸ್ವರ ಇಟ್ಟುಕೊಳ್ಳುತ್ತಾರೆ. ಯಾವುವು ಆ ಎರಡು? ಷಡ್ಜ ಮತ್ತು ಪಂಚಮ. ತಂಬೂರಿಯ ಅವೇ ಸ, ಪ!

ಆದರೆ ಪಾಶ್ಚಾತ್ಯ ಇಂಜಿನಿಯರರಿಗೆ ಇದು ಶುದ್ಧ ದೋಷ. ದನಿ ಒಳಗೆ ಹೋದಂತೆಯೇ ಹೊರಗೆ ಬರಬೇಕು. ಎಳ್ಳಷ್ಟು ಕೆಟ್ಟರೂ ಯಂತ್ರ ಕೆಟ್ಟಿದೆ ಎಂದೇ ಲೆಕ್ಕ. ಹೀಗಿರುವಾಗ ಈ ದೋಷ ಒಳಗೆ ಬಂದದ್ದು ಹೇಗೆ? ಹಿತ್ತಲ ಬಾಗಿಲಿನಿಂದ, ಬಡವರ ಕೈಯಲ್ಲಿದ್ದ ಮುರುಕು ಸಾಮಾನಿನ ಜೊತೆ.

1951ರ ಮಾರ್ಚ್ ತಿಂಗಳು. ಮಿಸಿಸಿಪಿ ಸೀಮೆಯ ಕಪ್ಪು ಜನಾಂಗದ ಹುಡುಗರ ತಂಡವೊಂದು ಮೆಂಫಿಸ್ ನಗರಕ್ಕೆ ಹಾಡು ರೆಕಾರ್ಡು ಮಾಡಿಸಲು ಕಾರಿನಲ್ಲಿ ಹೊರಟಿತು. ಐಕ್ ಟರ್ನರ್ ಅದರ ನಾಯಕ. ದಾರಿಯಲ್ಲಿ ಗಿಟಾರ್ ವಾದಕ ವಿಲ್ಲಿ ಕಿಜಾರ್ಟನ ಆಂಪ್ಲಿಫೈಯರಿಗೆ ಪೆಟ್ಟಾಯಿತು. ಕಾರಿನಿಂದ ಬಿತ್ತು ಎಂದು ಕೆಲವರು, ಮಳೆಯಲ್ಲಿ ನೆನೆಯಿತು ಎಂದು ಕೆಲವರು. ಅಂತೂ ಸ್ಟುಡಿಯೋ ತಲುಪುವ ಹೊತ್ತಿಗೆ ಸ್ಪೀಕರಿನ ಕಾಗದ ಹರಿದಿತ್ತು. ಇನ್ನೊಂದು ತರಿಸಲು ವೇಳೆಯೂ ಇಲ್ಲ, ದುಡ್ಡೂ ಇಲ್ಲ. ಸ್ಟುಡಿಯೋ ಮಾಲೀಕ ಸ್ಯಾಮ್ ಫಿಲಿಪ್ಸ್ ಹರಿದ ಜಾಗಕ್ಕೆ ಕಾಗದ ತುರುಕಿದ. ನುಡಿಸಿದಾಗ ಗಿಟಾರು ಸ್ಯಾಕ್ಸೊಫೋನಿನ ಹಾಗೆ ಬುಸುಗುಟ್ಟಿತು. ಚೆನ್ನಾಗಿದೆ, ಹೀಗೇ ಇರಲಿ ಎಂದುಬಿಟ್ಟ ಆತ. 'ರಾಕೆಟ್ 88' ಎಂಬ ಆ ಹಾಡು ಆ ವರ್ಷ ಕಪ್ಪು ಸಂಗೀತದ ಪಟ್ಟಿಯಲ್ಲಿ ಮೊದಲನೇ ಸ್ಥಾನಕ್ಕೆ ಏರಿತು. ರಾಕ್ ಅಂಡ್ ರೋಲ್ ಸಂಗೀತದ ಮೊದಲ ಹಾಡುಗಳಲ್ಲಿ ಒಂದೆಂದು ಅದನ್ನು ಈಗಲೂ ಎಣಿಸುತ್ತಾರೆ. ಮೂರು ವರ್ಷಗಳ ನಂತರ ಎಲ್ವಿಸ್ ಪ್ರೆಸ್ಲಿಯನ್ನು ಲೋಕಕ್ಕೆ ಪರಿಚಯಿಸಿದವನೂ ಇದೇ ಫಿಲಿಪ್ಸ್.

ಅಂಥ ಪೆಟ್ಟು ತಾನಾಗಿ ಬೀಳಲಿ ಎಂದು ಎಲ್ಲರೂ ಕಾಯಲಿಲ್ಲ. ಲಿಂಕ್ ರೇ ಎಂಬ ವಾದಕ ತನ್ನ ಸ್ಪೀಕರಿಗೆ ತಾನೇ ಪೆನ್ಸಿಲಿನಿಂದ ತೂತು ಹಾಕಿದ. 1958ರಲ್ಲಿ ಬಂದ ಅವನ 'ರಂಬಲ್' ಎಂಬ ಕೃತಿಯಲ್ಲಿ ಒಂದು ಪದವೂ ಇಲ್ಲ, ಬರೀ ವಾದ್ಯ. ಆದರೂ ಅಮೆರಿಕದ ಕೆಲವು ರೇಡಿಯೋ ಕೇಂದ್ರಗಳು ಅದನ್ನು ನಿಷೇಧಿಸಿದವು. ಹುಡುಗರು ಬೀದಿ ಜಗಳಕ್ಕಿಳಿದಾರು ಎಂಬ ಭಯ. ಮಾತಿಲ್ಲದ ಸಂಗೀತವನ್ನು ಬರೀ ದನಿಯ ಒರಟುತನಕ್ಕಾಗಿ ಹೊರಗಿಟ್ಟದ್ದು ಎಂಥ ವಿಚಿತ್ರ! ಆದರೆ ಈ ಮಾತು ಬರೆಯುವಾಗ ನನಗೇ ಸ್ವಲ್ಪ ಚುಚ್ಚುತ್ತದೆ.

ಇನ್ನು ಡಬ್ಬಿ ಹುಟ್ಟಿದ ಕಥೆ. ಇದು ನಡೆದದ್ದು ನ್ಯಾಶ್‌ವಿಲ್ ನಗರದಲ್ಲಿ. ಅಲ್ಲಿನ ಜನಪ್ರಿಯ ಗಾಯಕ ಮಾರ್ಟಿ ರಾಬಿನ್ಸನ 'ಡೋಂಟ್ ವರಿ' ಎಂಬ ಹಾಡಿನ ಧ್ವನಿಮುದ್ರಣ ನಡೆಯುತ್ತಿತ್ತು. ಮೃದುವಾದ ವಿರಹದ ಹಾಡು. ಮಧ್ಯದಲ್ಲಿ ಗ್ರೇಡಿ ಮಾರ್ಟಿನ್ ಎಂಬ ನುರಿತ ವಾದಕ ಆರು ತಂತಿಯ ಬೇಸ್ ಗಿಟಾರ್ ನುಡಿಸುವಾಗ ದನಿ ಇದ್ದಕ್ಕಿದ್ದಂತೆ ಒಡೆದು ಭರ್ರೆಂದಿತು. ಧ್ವನಿಮುದ್ರಣದ ಮೇಜಿನೊಳಗಿನ ಒಂದು ಟ್ರಾನ್ಸ್‌ಫಾರ್ಮರ್ ಕೆಟ್ಟಿತ್ತು. ಮಾರ್ಟಿನನಿಗೆ ಆ ದನಿ ಹಿಡಿಸಲಿಲ್ಲ. ಆದರೂ ಉಳಿದವರು ಮತ್ತೊಮ್ಮೆ ಕೇಳಿ, ಇರಲಿ ಎಂದರು. 1961ರಲ್ಲಿ ಬಿಡುಗಡೆಯಾದ ಆ ಹಾಡು ಹತ್ತು ವಾರ ಅಮೆರಿಕದ ಕಂಟ್ರಿ ಸಂಗೀತದ ಪಟ್ಟಿಯ ತುದಿಯಲ್ಲಿ ಕೂತಿತು. ಕೇಳಿದವರೆಲ್ಲ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಆ ಭರ್ರೆನ್ನುವ ವಾದ್ಯ ಯಾವುದು?

ಅಂದು ಧ್ವನಿಮುದ್ರಣ ಮಾಡುತ್ತಿದ್ದ ಇಂಜಿನಿಯರ್ ಗ್ಲೆನ್ ಸ್ನಾಡಿ. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ನಾಯಕ ಈತನೇ. ಕೆಟ್ಟ ಭಾಗವನ್ನು ಕಿತ್ತು ಕಸದ ಬುಟ್ಟಿಗೆ ಹಾಕಿ ಹೊಸದನ್ನು ಜೋಡಿಸಿದ್ದರೆ ಅವನ ಕೆಲಸ ಮುಗಿಯುತ್ತಿತ್ತು. ಸಂಬಳ ಕೊಡುವವರು ಬಯಸುತ್ತಿದ್ದುದೂ ಅಷ್ಟೇ. ಅವನು ಹಾಗೆ ಮಾಡಲಿಲ್ಲ. ಯಾಕೆ ಹೀಗೆ ಕೆಟ್ಟಿತು, ಕೆಟ್ಟಾಗ ಒಳಗೆ ಏನು ನಡೆಯಿತು ಎಂದು ಬಿಚ್ಚಿ ನೋಡಿದ. ಗಾಯಕಿ ನ್ಯಾನ್ಸಿ ಸಿನಾತ್ರಾ ಕಡೆಯವರು ತಮಗೂ ಅದೇ ದನಿ ಬೇಕೆಂದು ಬರುವಷ್ಟರಲ್ಲಿ ಆ ಭಾಗ ಪೂರ್ತಿ ಸತ್ತೇಹೋಗಿತ್ತು ಎಂದು ಆತ ಮುಂದೆ ನೆನಪಿಸಿಕೊಂಡದ್ದುಂಟು. ಕೆಟ್ಟದ್ದು ಕೂಡ ಕೆಟ್ಟುಹೋಗಿತ್ತು! ಇನ್ನು ಅದೇ ಕೇಡನ್ನು ಕೈಯಾರೆ ತಯಾರಿಸುವುದೊಂದೇ ದಾರಿ. ರೆವಿಸ್ ಹಾಬ್ಸ್ ಎಂಬ ಇನ್ನೊಬ್ಬ ಇಂಜಿನಿಯರನ ಜೊತೆ ಸೇರಿ, ಆಗಿನ ಹೊಸ ಸಾಮಗ್ರಿಯಾದ ಟ್ರಾನ್ಸಿಸ್ಟರುಗಳನ್ನು ಬಳಸಿ ಅದನ್ನೂ ಮಾಡಿದ. ಗಿಬ್ಸನ್ ಕಂಪನಿಯವರು 1962ರಲ್ಲಿ ಅದನ್ನು 'ಮ್ಯಾಸ್ಟ್ರೊ ಫಜ್‌ಟೋನ್' ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದರು. ಇಳಿಜಾರು ಮೈಯ ಕಂದು ಬಣ್ಣದ ಡಬ್ಬಿ. ಒಳಗೆ ಮೂರು ಟ್ರಾನ್ಸಿಸ್ಟರು, ಎರಡು ಸಣ್ಣ ಸೆಲ್ಲು. ಅಂಗಡಿಗಳಲ್ಲಿ ಮಾರಾಟಕ್ಕೆ ಬಂದ ಮೊಟ್ಟಮೊದಲ ಪ್ರಮುಖ ಫಜ್ ಪೆಡಲ್ ಅದೇ. 2018ರಲ್ಲಿ, 96ನೇ ವಯಸ್ಸಿನಲ್ಲಿ ಸ್ನಾಡಿ ತೀರಿಕೊಂಡ.

ಆದರೆ ಹೊಸ ಪದಾರ್ಥ ಮಾಡಿದ ಕೂಡಲೇ ಮನೆಮಂದಿ ತಿಂದುಬಿಡುತ್ತಾರೆಯೇ? ಕಂಪನಿಯವರು ಗಿಟಾರಿನಲ್ಲೇ ತುತ್ತೂರಿ, ಟ್ಯೂಬಾ, ಚೆಲ್ಲೋ ದನಿಗಳನ್ನು ಹೊರಡಿಸಬಹುದೆಂದು ಜಾಹೀರಾತು ಮಾಡಿದರು. ಮೊದಲ ವರ್ಷ ಅಂಗಡಿಯವರು 5 ಸಾವಿರಕ್ಕೂ ಹೆಚ್ಚು ಡಬ್ಬಿಗಳನ್ನು ತರಿಸಿಕೊಂಡರು. ಕೊಳ್ಳುವವರೇ ಬರಲಿಲ್ಲ. ಮುಂದಿನ ಎರಡು ವರ್ಷ ಕಾರ್ಖಾನೆಯಿಂದ ಹೆಚ್ಚುಕಡಿಮೆ ಒಂದೂ ಹೊರಬೀಳಲಿಲ್ಲ. ಅಂಗಡಿಗಳ ಅಟ್ಟದಲ್ಲಿ ಅವು ಧೂಳು ತಿನ್ನುತ್ತ ಕೂತವು.

ಅಷ್ಟರಲ್ಲಿ ಕಥೆ ಸಮುದ್ರ ದಾಟಿ ಇಂಗ್ಲೆಂಡಿಗೆ ಹೋಗಿತ್ತು. 1964ರ ಎರಡು ಘಟನೆಗಳನ್ನು ಹೇಳಬೇಕು. ಲಂಡನ್ನಿನ 17 ವರ್ಷದ ಹುಡುಗ ಡೇವ್ ಡೇವಿಸ್ ತನ್ನ ಪುಟ್ಟ ಆಂಪ್ಲಿಫೈಯರಿನ ಸ್ಪೀಕರನ್ನು ರೇಜರ್ ಬ್ಲೇಡಿನಿಂದ ಸೀಳಿದ. ಆ ಸೀಳು ದನಿಯಿಂದ ಅವನ ಕಿಂಕ್ಸ್ ತಂಡದ ಹಾಡು ಇಂಗ್ಲೆಂಡಿನಲ್ಲಿ ಮೊದಲ ಸ್ಥಾನಕ್ಕೆ ಏರಿತು. ಅದೇ ವರ್ಷ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನ ಒಂದು ಪಾಳುಬಿದ್ದ ರೈಲು ನಿಲ್ದಾಣದಲ್ಲಿ ಟೆಲಿವಿಷನ್ನಿಗಾಗಿ ಒಂದು ಕಚೇರಿ ನಡೆಯಿತು. ಒಂದು ಪ್ಲಾಟ್‌ಫಾರಂ ಮೇಲೆ ಪ್ರೇಕ್ಷಕರು, ಎದುರಿನದರ ಮೇಲೆ ಕಲಾವಿದರು. ಮಳೆ ಬಂದು ನಿಂತಿತ್ತು. ದಪ್ಪ ಕೋಟು ಹಾಕಿಕೊಂಡ, ಸುಮಾರು 50 ವರ್ಷದ ಕಪ್ಪು ಹೆಂಗಸೊಬ್ಬರು ಬಂದು ಬಿಳಿಯ ಎಲೆಕ್ಟ್ರಿಕ್ ಗಿಟಾರನ್ನು ಹೆಗಲಿಗೇರಿಸಿಕೊಂಡರು. ಸಿಸ್ಟರ್ ರೊಸೆಟಾ ಥಾರ್ಪ್. ಆ ಚಿತ್ರವನ್ನು ಮಗ ತೋರಿಸಿದ. ಗಿಟಾರಿನ ದನಿಯ ಅಂಚು ಎಷ್ಟು ಚೂಪಾಗಿದೆಯೆಂದರೆ, ಕೈಯಲ್ಲಿದ್ದ ಹುರುಳಿಕಾಯಿ ಬಿಡಿಸುವುದನ್ನು ಬಿಟ್ಟು ಕೂತೆ.

ಥಾರ್ಪ್ ಹುಟ್ಟಿದ್ದು 1915ರಲ್ಲಿ, ಅರ್ಕನ್ಸಾದ ಕಾಟನ್ ಪ್ಲಾಂಟ್ ಎಂಬ ಊರಿನಲ್ಲಿ. ತಾಯಿಯ ಜೊತೆ ಚರ್ಚಿನಿಂದ ಚರ್ಚಿಗೆ ಹೋಗಿ ದೇವರ ಹಾಡು ಹಾಡುತ್ತ ಬೆಳೆದವರು. ಅದೇ ಭಕ್ತಿಗೀತೆಗಳನ್ನು ಎಲೆಕ್ಟ್ರಿಕ್ ಗಿಟಾರಿನ ಅಬ್ಬರದೊಂದಿಗೆ ರಾತ್ರಿ ಕ್ಲಬ್ಬುಗಳಲ್ಲೂ ಹಾಡಿದರೆಂದು ಚರ್ಚಿನವರು ಮುಖ ಸಿಂಡರಿಸಿದರು. 1945ರಲ್ಲೇ ಅವರ ಒಂದು ಭಕ್ತಿಗೀತೆ ಕಪ್ಪು ಸಂಗೀತದ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತ್ತು. ಆಮೇಲೆ ಬಂದ ರಾಕ್ ಹುಡುಗರೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಅವರ ಋಣಿಗಳೇ. ಆದರೆ 1973ರಲ್ಲಿ ತೀರಿಕೊಂಡ ಆಕೆಯ ಸಮಾಧಿಗೆ ಮೂರು ದಶಕಗಳಿಗೂ ಹೆಚ್ಚು ಕಾಲ ಹೆಸರಿನ ಕಲ್ಲೂ ಇರಲಿಲ್ಲ. ರಾಕ್ ಸಂಗೀತದ ಗೌರವ ಭವನದಲ್ಲಿ ಹೆಸರು ಸೇರಿದ್ದು 2018ರಲ್ಲಿ. ಒಡೆದ ದನಿಗೆ ಹುಡುಗರ ಕೈಯಲ್ಲಿ ಕ್ರಾಂತಿಯೆಂಬ ಹೆಸರು ಸಿಕ್ಕಿತು. ಹೆಂಗಸಿನ ಕೈಯಲ್ಲಿದ್ದಾಗ ಅದಕ್ಕೆ ಏನು ಹೆಸರಿಡಬೇಕೆಂದು ಯಾರಿಗೂ ತೋಚಲಿಲ್ಲ.

ಧೂಳು ತಿನ್ನುತ್ತಿದ್ದ ಡಬ್ಬಿಗಳಿಗೆ ಭಾಗ್ಯ ತೆರೆದದ್ದು 1965ರಲ್ಲಿ. ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ತಂಡ ಮೇ ತಿಂಗಳಲ್ಲಿ ಹಾಲಿವುಡ್ಡಿನ ಸ್ಟುಡಿಯೋದಲ್ಲಿ 'ಸ್ಯಾಟಿಸ್‌ಫ್ಯಾಕ್ಷನ್' ಎಂಬ ಹಾಡನ್ನು ಮುದ್ರಿಸುತ್ತಿತ್ತು. ಕೀತ್ ರಿಚರ್ಡ್ಸ್ ಮನಸ್ಸಿನಲ್ಲಿದ್ದದ್ದು ತುತ್ತೂರಿಗಳ ಮೇಳ. ಅದು ಬರುವ ತನಕ ಗುರುತಿಗೆ ಇರಲಿ ಎಂದು ಆ ಭಾಗವನ್ನು ಫಜ್‌ಟೋನ್ ಡಬ್ಬಿ ತುಳಿದು ನುಡಿಸಿಟ್ಟ. ನಾವು ಹೊಲಿಗೆ ಹಾಕುವ ಮೊದಲು ಕಚ್ಚಾ ಹೊಲಿಗೆ ಓಡಿಸುವುದಿಲ್ಲವೇ, ಹಾಗೆ. ಉಳಿದವರು ಇದೇ ಇರಲಿ ಎಂದು ಅವನ ಮಾತು ಮೀರಿ ಹಾಗೆಯೇ ಹೊರತಂದರು. ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಆ ವರ್ಷ ಮುಗಿಯುವುದರೊಳಗೆ ಅಟ್ಟದ ಮೇಲಿದ್ದ ಡಬ್ಬಿಗಳೆಲ್ಲ ಖಾಲಿ. ತಮಾಷೆಯೆಂದರೆ, ಅದೇ ವರ್ಷ ಓಟಿಸ್ ರೆಡಿಂಗ್ ಎಂಬ ಗಾಯಕ ಅದೇ ಹಾಡನ್ನು ನಿಜವಾದ ತುತ್ತೂರಿಗಳೊಂದಿಗೆ ಹಾಡಿದ. ಬಹಳ ಸೊಗಸಾಗಿಯೇ ಹಾಡಿದ. ಆದರೂ ಲೋಕದ ನಾಲಿಗೆಯ ಮೇಲೆ ಉಳಿದದ್ದು ಕಚ್ಚಾ ಹೊಲಿಗೆಯೇ.

1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ 'ಫಜ್ ಫೇಸ್' ಎಂಬ ದುಂಡನೆಯ ಪೆಡಲ್ ತಂದಿತು. ಮೈಕು ನಿಲ್ಲಿಸುವ ಕಂಬದ ಬುಡದ ಆಕಾರವೇ ಅದಕ್ಕೆ ಮಾದರಿ. ಒಳಗೆ ಎರಡೇ ಟ್ರಾನ್ಸಿಸ್ಟರು. ಆಗಿನ ಟ್ರಾನ್ಸಿಸ್ಟರುಗಳು ಜರ್ಮೇನಿಯಂ ಎಂಬ ಧಾತುವಿನವು. ಮಳೆಗಾಲದ ಹಪ್ಪಳದಂತೆ ಅವುಗಳದ್ದು ಹವೆಗೆ ತಕ್ಕ ಗುಣ. ಸೆಕೆ ಹೆಚ್ಚಿದರೆ ಒಂದು ದನಿ, ತಂಪಿದ್ದರೆ ಇನ್ನೊಂದು. ಒಂದರಂತೆ ಇನ್ನೊಂದಿಲ್ಲ. ನಮ್ಮ ವಯಸ್ಸಿನವರಿಗೆ ಟ್ರಾನ್ಸಿಸ್ಟರ್ ಎಂದರೆ ಚರ್ಮದ ಚೀಲದೊಳಗಿನ ರೇಡಿಯೋ. ಸೆಲ್ಲು ಮುಗಿಯುತ್ತ ಬಂದಾಗ ವಾರ್ತೆ ಓದುವವರ ದನಿ ಒಡೆದು ಗೊಗ್ಗರಾಗುತ್ತಿತ್ತು. ಅಪ್ಪ ಸೆಲ್ಲು ತೆಗೆದು ಬಿಸಿಲಿಗಿಟ್ಟು ಮತ್ತೆ ಹಾಕುತ್ತಿದ್ದರು. ಅಂದು ನಮ್ಮ ಪಡಸಾಲೆಯಲ್ಲಿ ಕೇಳಿಸಿದ್ದೂ ಈ ಡಿಸ್ಟಾರ್ಶನ್ನಿನ ಬಂಧುವೇ. ನಾವು ಅದಕ್ಕೆ 'ಸೆಲ್ ವೀಕು' ಎಂದೆವು, ಅಷ್ಟೇ ವ್ಯತ್ಯಾಸ.

ಆ ದುಂಡು ಪೆಡಲನ್ನು ಪ್ರಸಿದ್ಧಿಗೆ ತಂದವನು ಜಿಮಿ ಹೆಂಡ್ರಿಕ್ಸ್. 1969ರ ಆಗಸ್ಟ್ 18, ಸೋಮವಾರ ಬೆಳಿಗ್ಗೆ. ನ್ಯೂಯಾರ್ಕ್ ರಾಜ್ಯದಲ್ಲಿ ನಡೆದ ವುಡ್‌ಸ್ಟಾಕ್ ಸಂಗೀತೋತ್ಸವದ ಕೊನೆಯ ಕಚೇರಿ ಅವನದು. ಲಕ್ಷಗಟ್ಟಲೆ ಸೇರಿದ್ದ ಜನರಲ್ಲಿ ಬಹುಪಾಲು ಮನೆಗೆ ಹೊರಟಾಗಿತ್ತು. ಉಳಿದವರ ಮುಂದೆ ಅವನು ಗಿಟಾರಿನಲ್ಲಿ ಅಮೆರಿಕದ ರಾಷ್ಟ್ರಗೀತೆ ನುಡಿಸಿದ. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ಕಾಲ. ಸ್ವರಗಳ ನಡುವೆ ಬಾಂಬು ಬೀಳುವ, ವಿಮಾನ ಎರಗುವ, ಯಾರೋ ಚೀರುವ ದನಿಗಳೆಲ್ಲ ಆ ತಂತಿಗಳಿಂದಲೇ ಎದ್ದವು. ಅವಮಾನ ಎಂದರು ಕೆಲವರು. ತನಗೆ ಅದು ಸುಂದರವಾಗಿಯೇ ಕೇಳಿಸಿತು ಎಂಬರ್ಥದ ಮಾತನ್ನು ಅವನು ಮುಂದೆ ಟೆಲಿವಿಷನ್ನಿನಲ್ಲಿ ಹೇಳಿದ. ಅವನೂ ಒಂದು ಕಾಲಕ್ಕೆ ಅಮೆರಿಕದ ಸೈನ್ಯದಲ್ಲಿದ್ದವನೇ. ಮಕ್ಕಳನ್ನು ಯುದ್ಧಕ್ಕೆ ಕಳಿಸಿ ಕೂತ ತಾಯಂದಿರ ದೇಶದ ಗೀತೆ ಅಂದು ಶುದ್ಧ ಸ್ವರದಲ್ಲಿ ನುಡಿದಿದ್ದರೆ ಅದೇ ಸುಳ್ಳಾಗುತ್ತಿತ್ತೋ ಏನೋ ಎಂದು ನನಗನ್ನಿಸುತ್ತದೆ.

ಅಲ್ಲಿಂದ ಮುಂದೆ ದೋಷಕ್ಕೂ ಹದ, ರುಚಿ ಬಂತು. ನ್ಯೂಯಾರ್ಕಿನ ಮೈಕ್ ಮ್ಯಾಥ್ಯೂಸ್ 1969ರಲ್ಲಿ 'ಬಿಗ್ ಮಫ್' ತಂದ, ಕಂಬಳಿ ಹೊದಿಸಿದಂಥ ದಪ್ಪ ದನಿ. ಮಗನ ಕಿತ್ತಳೆ ಡಬ್ಬಿ ಅಲೆಯ ತಲೆಯನ್ನು ಕುಡುಗೋಲಿನಿಂದ ಕೊಯ್ದಂತೆ ಕತ್ತರಿಸುತ್ತದೆ. ಜಪಾನಿನದೇ ಆದ ಹಸಿರು ಬಣ್ಣದ 'ಟ್ಯೂಬ್ ಸ್ಕ್ರೀಮರ್' ಅದೇ ತಲೆಯನ್ನು ಮೆಲ್ಲಗೆ ಸವರಿ ದುಂಡಗೆ ಮಾಡುತ್ತದೆ. ಎರಡರಲ್ಲೂ ಕತ್ತರಿಸುವುದು ಡಯೋಡ್ ಎಂಬ ಅಕ್ಕಿಕಾಳಿನಷ್ಟು ಚಿಕ್ಕ ಭಾಗಗಳೇ. ಅವನ್ನು ಎಲ್ಲಿ ಕೂರಿಸಿದ್ದಾರೆ ಎಂಬುದರಲ್ಲಿ ವ್ಯತ್ಯಾಸ. ಒಂದೇ ಮೆಣಸಿನಕಾಯಿಯನ್ನು ಒಗ್ಗರಣೆಗೆ ಹಾಕಿದರೆ ಒಂದು ರುಚಿ, ರುಬ್ಬಿ ಹಾಕಿದರೆ ಇನ್ನೊಂದು. ಇಂದು ಕಂಪ್ಯೂಟರು ಈ ದನಿಗಳನ್ನೆಲ್ಲ ಲೆಕ್ಕ ಹಾಕಿಯೇ ಹೊರಡಿಸುತ್ತದೆ. ಆದರೂ ವಿದ್ಯುತ್ತು ನಿಜವಾಗಿ ಹರಿದು, ನಿಜವಾಗಿ ತಲೆ ಚಚ್ಚಿಕೊಳ್ಳುವ ಅನಲಾಗ್ ಡಬ್ಬಿಗಳನ್ನು ಜನ ಬಿಟ್ಟಿಲ್ಲ.

ಈಗ ನನ್ನ ಕಾಲಬುಡದ ಮಾತು.

ಬಹಳ ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಓದಿನಲ್ಲಿ ಚುರುಕು, ಹಾಡುವುದೆಂದರೆ ಪ್ರಾಣ. ದನಿ ಮಾತ್ರ ಒಡಕು. ಪ್ರಾರ್ಥನೆಯಲ್ಲಿ ಇಪ್ಪತ್ತು ಮಕ್ಕಳ ನಡುವೆ ಅವಳ ದನಿ ಬೇರೆಯಾಗಿ ಎದ್ದು ಕೇಳಿಸುತ್ತಿತ್ತು. ಮೇಲಧಿಕಾರಿಗಳು ಶಾಲೆಗೆ ಬರುವ ದಿನ ಹತ್ತಿರವಾಯಿತು. ನಾನು ಅವಳನ್ನು ಪಕ್ಕಕ್ಕೆ ಕರೆದು, ಬೈಯದೆ, ತಲೆ ಸವರಿ, "ನೀನು ತುಟಿ ಮಾತ್ರ ಆಡಿಸು ಪುಟ್ಟಿ, ದನಿ ಹೊರಡಿಸಬೇಡ" ಎಂದೆ. ಅವಳು ಹಾಗೇ ಮಾಡಿದಳು. ಎದುರು ಕೂತವರಿಗೆ ಒಂದಿಷ್ಟೂ ಗೊತ್ತಾಗಲಿಲ್ಲ. ಪ್ರಾರ್ಥನೆ ಚೆನ್ನಾಗಿತ್ತೆಂದು ಹೊಗಳಿಹೋದರು. ಮರುದಿನವೂ ಅವಳು ತುಟಿ ಮಾತ್ರ ಆಡಿಸಿದಳು. ಅದರ ಮರುದಿನವೂ. ಯಾರೂ ಬರದ ದಿನಗಳಲ್ಲೂ, ಆ ವರ್ಷ ಮುಗಿಯುವ ತನಕ. ನಾನು ಹೇಳಿದ ಮಾತನ್ನು ನಾನು ವಾಪಸು ತೆಗೆದುಕೊಂಡಿರಲಿಲ್ಲ. ಅವಳು ವಿಧೇಯ ಹುಡುಗಿ.

ಅವಳು ದೊಡ್ಡ ಗಾಯಕಿ ಆಗುತ್ತಿದ್ದಳು ಎಂದು ನಾನು ಹೇಳುತ್ತಿಲ್ಲ. ಒಡೆದದ್ದೆಲ್ಲ ಸಂಗೀತವಲ್ಲ, ತಪ್ಪೆಲ್ಲ ಪ್ರತಿಭೆಯಲ್ಲ. ಹಾಗೆಂದು ಹೇಳಿದರೆ ಯಾವ ಮೇಷ್ಟ್ರೂ ಪಾಠ ಮಾಡುವಂತಿಲ್ಲ. ಕಾಗುಣಿತದ ತಪ್ಪನ್ನು ನಾನು ಇವತ್ತಿಗೂ ಕೆಂಪು ಶಾಯಿಯಲ್ಲೇ ತಿದ್ದುತ್ತೇನೆ. ಗಿಟಾರಿನವನಿಗಾದರೂ ಕಾಲ ಕೆಳಗೆ ಒಂದು ಗುಂಡಿಯಿದೆ. ಬೇಕಾದಾಗ ಒಡೆಯುತ್ತಾನೆ, ಬೇಡವಾದಾಗ ಜೋಡಿಸುತ್ತಾನೆ. ಆ ಮಗುವಿಗೆ ಅಂಥ ಗುಂಡಿ ಇರಲಿಲ್ಲ. ಅವಳಿಗಿದ್ದದ್ದು ಅದೊಂದೇ ದನಿ. ಸ್ನಾಡಿ ಮಾಡಿದ್ದು ಇಷ್ಟೇ, ಬಿಸಾಡುವ ಮೊದಲು ಮತ್ತೊಮ್ಮೆ ಕಿವಿಗೊಟ್ಟ. ಒಂದು ಕೆಟ್ಟ ಟ್ರಾನ್ಸ್‌ಫಾರ್ಮರಿಗೆ ಆತ ಕೊಟ್ಟಷ್ಟು ಗಮನವನ್ನು ನಾನು ಒಂದು ಮಗುವಿಗೆ ಕೊಡಲಿಲ್ಲ. ಈಗ ಅವಳ ದನಿ ಹೇಗಿತ್ತೆಂದು ನೆನಪು ಮಾಡಿಕೊಳ್ಳಲು ಕೂತರೆ ದನಿ ನೆನಪಿಗೆ ಬರುವುದೇ ಇಲ್ಲ. ಆಡುವ ತುಟಿಗಳು ಮಾತ್ರ ಕಾಣುತ್ತವೆ.

ರಜೆ ಮುಗಿಸಿ ಮಗ ಹೊರಡುವ ಹಿಂದಿನ ರಾತ್ರಿ ನಾನಾಗಿಯೇ ಮೇಲೆ ಹೋದೆ. "ಇನ್ನೊಂದು ಸಲ ನುಡಿಸೋ" ಎಂದೆ. ಅವನಿಗೆ ಆಶ್ಚರ್ಯ. "ನೀನೇ ತುಳಿ ಅಮ್ಮಾ" ಎಂದ. ಸೆರಗು ಸಿಕ್ಕಿಸಿಕೊಂಡು ಹೆಬ್ಬೆರಳಿನಿಂದ ಆ ಹಲಗೆಯನ್ನು ಒತ್ತಿದೆ. ಸಣ್ಣದೊಂದು ಕೆಂಪು ದೀಪ ಹತ್ತಿತು. ಅವನು ಷಡ್ಜ, ಪಂಚಮ ಎರಡನ್ನೂ ಒಟ್ಟಿಗೆ ಮೀಟಿದ. ದನಿ ಒಡೆದು, ಹರಡಿ, ಕೋಣೆ ತುಂಬ ನಿಂತಿತು. ಪಕ್ಕದ ಮನೆಯವರ ಕಿಟಕಿ ಮುಚ್ಚಿದ ಸದ್ದಾಯಿತು. ಅದು ಪೂರ್ತಿ ಆರುವ ತನಕ ನಾನು ಕಾಲು ತೆಗೆಯಲಿಲ್ಲ.